ಕಾಡುಮೊಲ ಸಾರಿಗೆ ಹಾಕೋ ಮುಂಚೆ ಲಿವರ್ ನೋಡಿ: ರೋಗ, ಹುಳ, ಉಣ್ಣೆ (ಉಣುಗು) ಗುರುತು ಹಿಡಿಯೋ ಸಮಗ್ರ ಗೈಡ್

ನಾನು ಹೊಡೆದ ಮೊದಲನೇ ಮೊಲನ ಕಸಕ್ಕೆ ಎಸೆದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಬೇಟೆ ಸೀಸನ್ ಓಪನ್ ಆಗಿ ನಾಲ್ಕು ದಿನ ಆಗಿತ್ತು ಅಷ್ಟೇ, ಅಕ್ಟೋಬರ್ ಮೊದಲ ವಾರ, ಇನ್ನೂ ಸೆಕೆ. ಚರ್ಮ ಸುಲೀತಾ ಇದ್ದೀನಿ, ಕುತ್ತಿಗೆ ಕೆಳಗೆ ಒಂದು ಗಂಟು, ಏನಪ್ಪಾ ಇದು ಅಂತ ಬೆರಳಲ್ಲಿ ಒತ್ತಿದೆ, ಒಳಗಿಂದ ಹೆಬ್ಬೆರಳ ತುದಿಯಷ್ಟು ದಪ್ಪದ ಒಂದು ಕಪ್ಪು ಹುಳ ಹೊರಳಾಡ್ಕೊಂಡು ಈಚೆ ಬಂತು. ಚಾಕು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದೆ, ಆಮೇಲೆ ಎರಡು ದಿನ ಮಟನ್ ಕೂಡ ಸೇರಲಿಲ್ಲ.

ಅದೇ ವರ್ಷ ಡಿಸೆಂಬರಲ್ಲಿ ಇನ್ನೊಂದು ಸಿಕ್ತು. ನೋಡಕ್ಕೆ ಗುಂಡುಗುಂಡಗೆ, ಚರ್ಮ ಕ್ಲೀನು, ಮಾಂಸ ಒಳ್ಳೆ ಗುಲಾಬಿ ಬಣ್ಣ. ಬರಿಗೈಯಲ್ಲೇ ಹೊಟ್ಟೆ ಬಗೆಯಕ್ಕೆ ಹೊರಟಿದ್ದೆ, ಜೊತೆಗಿದ್ದ ನಮ್ಮ ಬೀದಿಯ ಹಿರಿಯರು, ಎಪ್ಪತ್ತು ದಾಟಿದೆ ಅವರಿಗೆ, ಎರಡು ಬೀಗಲ್ ನಾಯಿ ಸಾಕಿದಾರೆ, ನನ್ನ ಮಣಿಕಟ್ಟು ಹಿಡ್ಕೊಂಡು ಜೇಬಿಂದ ಗ್ಲೌಸ್ ತೆಗೆದುಕೊಟ್ರು. ತೆರೆದು ನೋಡಿದ್ರೆ ಲಿವರ್ ತುಂಬಾ ಗಸಗಸೆ ಚೆಲ್ಲಿದ ಹಂಗೆ ಬಿಳಿ ಚುಕ್ಕೆ. ಅವರು ಒಂದೇ ಮಾತು ಹೇಳಿದ್ರು, ಮುಟ್ಟಬೇಡ, ಕವರ್ ತಗೊಂಬಾ ಅಂತ.

ಹುಳ ಬಂದ ಮೊಲನ ಆರಾಮಾಗಿ ತಿನ್ನಬಹುದಿತ್ತು. ಈ ಎರಡನೇದು, ಚೆಂದ ಕಾಣ್ತಿತ್ತಲ್ಲ, ಅದು ನನ್ನನ್ನ ಆಸ್ಪತ್ರೆಗೆ ಕಳಿಸಬಹುದಿತ್ತು. ನಾನಿಲ್ಲಿ ಬರೀತಿರೋದೆಲ್ಲ ಇದೇ ವಿಷ್ಯ, ಹೇಸಿಗೆ ಅನ್ಸೋದು ಯಾವುದು, ಅಪಾಯ ಯಾವುದು, ಇವೆರಡನ್ನ ಬೇರೆ ಬೇರೆ ನೋಡೋದು ಹೆಂಗೆ.

ಶುರು ಮಾಡೋ ಮುಂಚೆ ಕಾನೂನಿನ ಮಾತು. ಊರಲ್ಲಿರೋರು ಇದನ್ನ ಓದಿ ಟಾರ್ಚು ಬಂದೂಕು ಹಿಡ್ಕೊಂಡು ಹೊರಡಬೇಡಿ, ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಶಿಕಾರಿ ಅಪರಾಧ, ಹಬ್ಬದ ಬೇಟೆ ಅಂದ್ರೂ ಅಪರಾಧನೇ. ನಾನು ಹೇಳ್ತಿರೋದು ಅಮೆರಿಕದ ಮಧ್ಯಭಾಗದಲ್ಲಿ ಲೈಸೆನ್ಸ್ ತಗೊಂಡು ಹೊಡೆಯೋ ಕಾಟನ್‌ಟೇಲ್ ಮೊಲದ ವಿಷ್ಯ. ಮಿಸೌರಿಯಲ್ಲಿ ಸೀಸನ್ ಅಕ್ಟೋಬರ್ 1ರಿಂದ ಫೆಬ್ರವರಿ 15ರ ತನಕ, ದಿನಕ್ಕೆ 6 ಮೊಲ, ಬೇರೆ ರಾಜ್ಯದಲ್ಲಿ ಬೇರೆ ಲೆಕ್ಕ. ಎಚ್‌1ಬಿ ತರದ ವೀಸಾದಲ್ಲಿರೋರಿಗೆ ಇನ್ನೊಂದು ವಿಷ್ಯ, ಫೆಡರಲ್ ಕಾನೂನು ನಿಮಗೆ ಸಾಮಾನ್ಯವಾಗಿ ಬಂದೂಕು ಇಟ್ಕೊಳ್ಳೋಕೆ ಬಿಡಲ್ಲ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಅದೊಂದು ವಿನಾಯಿತಿ, ಅದನ್ನ ವಕೀಲರ ಹತ್ರ ಕೇಳಿ ಮುಂದುವರೀರಿ, ಫ್ರೆಂಡ್ ಹೇಳಿದ ಅಂತ ಹೋಗ್ಬೇಡಿ.

ಹೆಜ್ಜೆ 1: ಬ್ಯಾಗಲ್ಲಿ ಏನೇನಿರಬೇಕು

ನೈಟ್ರೈಲ್ ಗ್ಲೌಸ್, ಒಬ್ಬರಿಗೆ ಕನಿಷ್ಠ ನಾಲ್ಕು ಜೊತೆ. ಲ್ಯಾಟೆಕ್ಸ್ ಆದ್ರೂ ಓಕೆ, ಆದ್ರೆ ಮೊಲದ ಮುರಿದ ಪಕ್ಕೆಲುಬು ಸೂಜಿ ತರ ಇರುತ್ತೆ, ತೆಳು ಗ್ಲೌಸ್ ಒಂದೇ ಏಟಿಗೆ ತೂತು, ಅದಕ್ಕೇ ನಾನು ಒಂದರ ಮೇಲೊಂದು ಎರಡು ಹಾಕ್ತೀನಿ. ಸಣ್ಣ ಚಾಕು, ಕಾಲು ಕತ್ತರಿಸೋಕೆ ಗಟ್ಟಿ ಕತ್ತರಿ, ಜಿಪ್ ಕವರ್, ದೊಡ್ಡ ಕಸದ ಕವರ್, ಪೇಪರ್ ಟವೆಲ್. ಮಾಮೂಲಿ ಕನ್ನಡಕ ಇದ್ರೆ ಸರಿ, ಇಲ್ಲಾಂದ್ರೆ ಪ್ಲಾಸ್ಟಿಕ್ ಗಾಗಲ್ಸ್, ಯಾಕೆ ಅಂತ ಮುಂದೆ ಹೇಳ್ತೀನಿ. ತಲೆಗೆ ಕಟ್ಕೊಳ್ಳೋ ಲೈಟ್ ಮರೀಬೇಡಿ, ಚಳಿಗಾಲದಲ್ಲಿ ಐದು ಗಂಟೆಗೆಲ್ಲ ಕತ್ತಲು, ಮೊಬೈಲ್ ಟಾರ್ಚನ್ನ ಹಲ್ಲಲ್ಲಿ ಕಚ್ಕೊಂಡು ಲಿವರ್ ಚೆಕ್ ಮಾಡಿದೀನಿ ಒಂದ್ಸಲ, ಬುದ್ಧಿ ಇಲ್ದೆ ಇರೋ ಕೆಲಸ ಅದು, ರಕ್ತ ಮುಟ್ಟಿದ ಕೈಯಲ್ಲಿ ಹಿಡಿದ ಮೊಬೈಲ್ ಬಾಯಿಗೆ!

ಬಟ್ಟೆಗೆ ಹಿಂದಿನ ದಿನವೇ ಉಣ್ಣೆ ಸಾಯಿಸೋ ಪರ್ಮೆಥ್ರಿನ್ ಸ್ಪ್ರೇ ಹೊಡೆದು ಒಣಗಿಸಿ, ಮನೇಲಿ ಬೆಕ್ಕು ಇದ್ರೆ ಹಸಿ ಇರುವಾಗ ಹತ್ರ ಬಿಡಬೇಡಿ, ಬೆಕ್ಕಿಗೆ ಅದು ವಿಷ.

ಹೆಜ್ಜೆ 2: ಸ್ವಲ್ಪ ದಿನ ಕಾಯಿರಿ

ಸೀಸನ್ ಅಕ್ಟೋಬರಲ್ಲಿ ಓಪನ್ ಆಗುತ್ತೆ ಅಂತ ಅಕ್ಟೋಬರಲ್ಲೇ ಹೋಗ್ಬೇಕು ಅಂತೇನಿಲ್ಲ. ಇಲ್ಲಿನ ಹಳಬರು ನೆಲ ಬಿಳಿಯಾಗೋ ಹಂಗೆ ಒಂದೆರಡು ಸಲ ಗಟ್ಟಿ ಹಿಮ ಬಿದ್ದ ಮೇಲೇನೇ ಮೊಲಕ್ಕೆ ಹೋಗೋದು. ಇದು ಬರೀ ನಂಬಿಕೆ ಅಲ್ಲ. ಚಳಿ ಹಿಡಿದ ಮೇಲೆ ಉಣ್ಣೆ, ಚಿಗಟ, ನೊಣ ಎಲ್ಲ ಕಮ್ಮಿಯಾಗುತ್ತೆ, ಚರ್ಮದೊಳಗಿನ ಹುಳಗಳು ಅಷ್ಟರಲ್ಲಿ ಮೊಲ ಬಿಟ್ಟು ಮಣ್ಣಿಗೆ ಇಳಿದಿರ್ತವೆ, ಕಾಯಿಲೆ ಬಿದ್ದ ಮೊಲಗಳು ಸುಮಾರು ಸತ್ತೇ ಹೋಗಿರ್ತವೆ.

ಆದ್ರೆ ಹಿಮ ಬಿತ್ತು ಇನ್ನೇನೂ ಭಯ ಇಲ್ಲ ಅಂತ ಅನ್ಕೊಂಡ್ರೆ ಅದು ತಪ್ಪು, ನನ್ನ ಗಸಗಸೆ ಲಿವರ್ ಮೊಲ ಸಿಕ್ಕಿದ್ದು ಡಿಸೆಂಬರಲ್ಲಿ ಅಂತ ಮೇಲೇ ಹೇಳಿದೀನಿ. ಚಳಿಗಾಲ ಅಪಾಯನ ಕಮ್ಮಿ ಮಾಡುತ್ತೆ, ಇಲ್ಲ ಅನ್ಸಲ್ಲ.

ಹೆಜ್ಜೆ 3: ಟ್ರಿಗರ್ ಒತ್ತೋ ಮುಂಚೆ ಮೊಲನ ನೋಡಿ

ಆರೋಗ್ಯವಾಗಿರೋ ಕಾಟನ್‌ಟೇಲ್ ನಿಮ್ಮನ್ನ ಕಂಡ್ರೆ ಎರಡೇ ಕೆಲಸ ಮಾಡೋದು, ಕಲ್ಲಿನ ಹಂಗೆ ಕದಲದೆ ಕೂರುತ್ತೆ ಅಥವಾ ಬಾಣದ ಹಂಗೆ ಅಂಕುಡೊಂಕಾಗಿ ಓಡುತ್ತೆ. ನಾಯಿ ಬೊಗಳ್ತಾ ಹತ್ರ ಬಂದ್ರೂ ಕುಪ್ಪಳಿಸಿ ನಾಲ್ಕಡಿ ಹೋಗಿ ಮತ್ತೆ ನಿಲ್ತಿದೆ, ತೂರಾಡ್ತಿದೆ, ತಲೆ ಒಂದು ಕಡೆಗೆ ವಾಲಿದೆ, ಮುಟ್ಟೋಷ್ಟು ಹತ್ರ ಹೋದ್ರೂ ಏಳಲ್ಲ ಅಂದ್ರೆ ಆ ಮೊಲಕ್ಕೆ ಏನೋ ಆಗಿದೆ. ಬಿಟ್ಬಿಡಿ. ಸುಲಭವಾಗಿ ಸಿಕ್ತು ಅಂತ ಖುಷಿ ಪಡೋ ಮೊಲ ಅಲ್ಲ ಅದು. ನಾಯಿ ಬಾಯಲ್ಲಿ ಕಚ್ಕೊಂಡು ತಂದ್ರೂ ಅದೇ ಮಾತು, ಬೀಗಲ್ಲಿಗೆ ಬಾಯಲ್ಲಿ ಸಿಕ್ಕೋಷ್ಟು ನಿಧಾನದ ಮೊಲ ಅಂದ್ರೆ ಅನುಮಾನ ಪಡಬೇಕಾದ ಮೊಲ.

ಸತ್ತು ಬಿದ್ದಿರೋದನ್ನ ಕಾಲಲ್ಲೂ ಮುಟ್ಟಬೇಡಿ. ಒಂದೇ ಜಾಗದಲ್ಲಿ ಎರಡು ಮೂರು ಸತ್ತಿದ್ರೆ ರಾಜ್ಯದ ಕನ್ಸರ್ವೇಶನ್ ಇಲಾಖೆಗೆ ಫೋನ್ ಮಾಡಿ, ಅವರಿಗೆ ಅದು ಬೇಕಾದ ಮಾಹಿತಿ. 2020ರಲ್ಲಿ ನ್ಯೂ ಮೆಕ್ಸಿಕೋ ಕಡೆ ಕಾಡುಮೊಲಗಳು ಸಾಲುಸಾಲಾಗಿ ಸಾಯೋಕೆ ಶುರುವಾದಾಗ ಆರ್‌ಎಚ್‌ಡಿವಿ2 ಅನ್ನೋ ವೈರಸ್ ಅಂತ ಪತ್ತೆಯಾಯ್ತು, ಅಲ್ಲಿಂದ ಪಶ್ಚಿಮದ ರಾಜ್ಯಗಳಿಗೆಲ್ಲ ಹರಡ್ತು. ಒಳಗೆ ರಕ್ತಸ್ರಾವ ಆಗಿ ಸಾಯ್ತವೆ, ಕೆಲವಕ್ಕೆ ಮೂಗಲ್ಲಿ ರಕ್ತ. ಮನುಷ್ಯರಿಗೆ ಬರಲ್ಲ, ಆದ್ರೆ ನಿಮ್ಮ ಬೂಟಿನ ಮಣ್ಣಲ್ಲಿ ಅದು ಇನ್ನೊಂದು ಕಾಡಿಗೋ, ಮನೇಲಿ ಸಾಕಿದ ಮೊಲಕ್ಕೋ ಹೋಗಬಹುದು.

ಹೊಡೆಯೋದಾದ್ರೆ ಮುಂದಿನ ಅರ್ಧಕ್ಕೆ ಹೊಡೀರಿ. ಹೊಟ್ಟೆಗೆ ಛರ್ರ (ಬಂದೂಕಿನ ಸಣ್ಣ ಗುಂಡು) ಬಿದ್ರೆ ಕರುಳು ಒಡೆದು ಒಳಗೆಲ್ಲ ಕಲಸಿಹೋಗಿ ಆಮೇಲೆ ಯಾವುದು ರೋಗ ಯಾವುದು ಛರ್ರದ ಏಟು ಅಂತ ಗೊತ್ತೇ ಆಗಲ್ಲ.

ಹೆಜ್ಜೆ 4: ಉಣ್ಣೆ, ಚಿಗಟ

ನಾನು ತೀರ್ಥಹಳ್ಳಿ ಕಡೆಯವನು, ಉಣುಗು ಅಂದ್ರೆ ನಮಗೆ ತಮಾಷೆ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದೇ ಉಣುಗಿಂದ, ಬೇಸಿಗೆ ಬಂದ್ರೆ ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗೋರು ಕೈಕಾಲಿಗೆ ಎಣ್ಣೆ ಹಚ್ಕೊಂಡು ಹೋಗೋದನ್ನ ನೋಡಿ ಬೆಳೆದೋರು ನಾವು. ಮಂಗನ ಕಾಯಿಲೆ ಹರಡೋ ಉಣುಗು ಹೀಮಫೈಸಾಲಿಸ್ ಅನ್ನೋ ಕುಲದ್ದು, ಇಲ್ಲಿ ಮೊಲದ ಕಿವಿಗೆ ಅಂಟಿಕೊಂಡಿರೋ ಉಣ್ಣೆನೂ ಅದೇ ಕುಲದ ಬೇರೆ ಜಾತಿ. ಇದು ಮನುಷ್ಯರನ್ನ ಕಚ್ಚೋದು ಅಪರೂಪ, ಮೊಲದಿಂದ ಮೊಲಕ್ಕೆ ಕಾಯಿಲೆ ದಾಟಿಸ್ತಾ ಇರುತ್ತೆ. ನಮ್ಮನ್ನ ಕಚ್ಚೋದು ಇದೇ ಹುಲ್ಲಲ್ಲಿರೋ ಡಾಗ್ ಟಿಕ್ ಮತ್ತೆ ಲೋನ್ ಸ್ಟಾರ್ ಟಿಕ್ ಅನ್ನೋ ಉಣ್ಣೆಗಳು, ಹೆಣ್ಣಿನ ಬೆನ್ನ ಮೇಲೆ ಒಂದೇ ಬಿಳಿ ಚುಕ್ಕೆ ಇರುತ್ತಲ್ಲ, ಅದೇ ಲೋನ್ ಸ್ಟಾರ್. ಲೋನ್ ಸ್ಟಾರ್ ಕಚ್ಚಿದ ಕೆಲವರಿಗೆ ಆಮೇಲೆ ಮಟನ್, ಬೀಫ್, ಪೋರ್ಕ್, ಮೊಲ ಏನು ತಿಂದ್ರೂ ಅಲರ್ಜಿ. ಮಟನ್ ಬಿರಿಯಾನಿ ಬಿಟ್ಟು ಬದುಕೋ ಯೋಚನೆ ಬಂದ್ರೆ ಸಾಕು, ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿಕೊಳ್ಳೋಕೆ ನಾಚಿಕೆ ಆಗಲ್ಲ.

ಈಗ ಕೆಲಸ. ಮೊಲ ಬಿದ್ದ ಕೂಡ್ಲೇ ಸೊಂಟಕ್ಕೆ ಸಿಗಿಸ್ಕೋಬೇಡಿ. ಮೈ ತಣ್ಣಗಾಗ್ತಾ ಬಂದ ಹಂಗೆ ಚಿಗಟಗಳು ಬಿಸಿ ಹುಡುಕ್ಕೊಂಡು ಇಳಿಯೋಕೆ ಶುರು ಮಾಡ್ತವೆ, ಆಗ ಪಕ್ಕದಲ್ಲಿರೋ ಬಿಸಿ ಮೈ ನಿಮ್ಮದೇ. ಗ್ಲೌಸ್ ಹಾಕಿ ಹಿಂಗಾಲು ಹಿಡಿದು ಕವರೊಳಗೆ ಹಾಕಿ ಬಾಯಿ ಮುಚ್ಚಿ. ಆದ್ರೆ ಬಿಸಿಲಿದ್ರೆ ಕವರಲ್ಲಿ ತುಂಬಾ ಹೊತ್ತು ಬಿಡಬೇಡಿ, ಮಾಂಸ ಹಳಸುತ್ತೆ. ಅರಿಜೋನಾ, ನ್ಯೂ ಮೆಕ್ಸಿಕೋ, ಕೊಲರಾಡೋ ಕಡೆ ಇರೋರಿಗೆ ಚಿಗಟ ಇನ್ನೂ ದೊಡ್ಡ ವಿಷ್ಯ, ಅಲ್ಲಿ ಕಾಡುಪ್ರಾಣಿಗಳಲ್ಲಿ ಪ್ಲೇಗ್ ಇವತ್ತಿಗೂ ಇದೆ.

ಹೆಜ್ಜೆ 5: ಹೊರಗಿಂದ ಮೈ ಸವರಿ ನೋಡಿ

ಬೆನ್ನುಮೂಳೆ ಮೇಲೆ ಬೆರಳು ಆಡಿಸಿ. ಮಾಂಸದ ಮಧ್ಯೆ ಮೂಳೆ ಹುದುಗಿರಬೇಕು, ಗರಗಸದ ಹಂಗೆ ಕೈಗೆ ಚುಚ್ಚಿದ್ರೆ ಮೊಲ ಸೊರಗಿದೆ, ಒಳಗೆ ಏನೋ ಇದೆ. ಬಾಲದ ಕೆಳಗೆ ಭೇದಿ ಅಂಟಿದ್ಯಾ, ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಇದ್ಯಾ ನೋಡಿ.

ಆಮೇಲೆ ಗಂಟುಗಳು. ಕುತ್ತಿಗೆ, ಗಂಟಲ ಕೆಳಗೆ, ಭುಜ, ತೊಡೆಸಂದಿ. ಗಂಟಿನ ಮೇಲೆ ಪೆನ್ಸಿಲ್ ತೂರಿಸೋಷ್ಟು ಒಂದು ತೂತು, ಸುತ್ತ ಕೂದಲು ಒದ್ದೆ ಇದ್ರೆ ಅದು ಬಾಟ್ ಫ್ಲೈ ಅನ್ನೋ ನೊಣದ ಮರಿಹುಳ. ತೂತು ಅದರ ಉಸಿರಾಟಕ್ಕೆ. ನೊಣ ಮೊಲ ಓಡಾಡೋ ದಾರಿಯಲ್ಲಿ ಮೊಟ್ಟೆ ಇಟ್ಟಿರುತ್ತೆ, ಮೊಲದ ಮೈ ಬಿಸಿ ತಾಗಿದ್ರೆ ಮರಿ ಹೊರಗೆ ಬಂದು ಕೂದಲಿಗೆ ಅಂಟ್ಕೊಂಡು ಮೂಗಿನಲ್ಲೋ ಬಾಯಲ್ಲೋ ಒಳಗೆ ಹೋಗಿ ಕೊನೆಗೆ ಚರ್ಮದ ಕೆಳಗೆ ಬಂದು ಸೇರ್ಕೊಳ್ಳುತ್ತೆ. ಮೈಮೇಲೆಲ್ಲ ಕಪ್ಪು ಮುಳ್ಳು, ನೋಡೋಕೆ ನಿಜಕ್ಕೂ ಘೋರ. ಆದ್ರೆ ಅದು ಚರ್ಮ ಬಿಟ್ಟು ಮಾಂಸಕ್ಕೆ ಇಳಿದಿರಲ್ಲ, ನಿಮಗೆ ಊಟದಿಂದ ಏನೂ ಬರಲ್ಲ. ಸುತ್ತ ಒಂದಿಂಚು ಮಾಂಸ ಕತ್ತರಿಸಿ ಎಸೆದು ಉಳಿದಿದ್ದನ್ನ ತಿನ್ನಬಹುದು. ಗಾಯದಲ್ಲಿ ಕೀವು ತುಂಬಿ ವಾಸನೆ ಬಂದಿದ್ರೆ ಮಾತ್ರ ಬೇಡ. ನಾನು ಮೊದಲನೇದನ್ನ ಎಸೆದಿದ್ದು ದಂಡ ಅಂತ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು.

ಇನ್ನೊಂದು ಭಯ ಹುಟ್ಸೋದು ಕೊಂಬಿನ ಮೊಲ. ಬಾಯಿ, ಮೂಗು, ಕಣ್ಣಿನ ಸುತ್ತ ಕಪ್ಪಗೆ ಗಟ್ಟಿಯಾಗಿ ಕೊಂಬಿನ ಹಂಗೆ ಬೆಳೆದಿರುತ್ತೆ, ಕೆಲವಕ್ಕೆ ಬಾಯೇ ಮುಚ್ಚಿಹೋಗಿ ಮೇಯೋಕಾಗದೆ ಸಾಯ್ತವೆ ಪಾಪ. ರಿಚರ್ಡ್ ಶೋಪ್ ಅನ್ನೋ ವಿಜ್ಞಾನಿ 1933ರಲ್ಲಿ ಇದು ವೈರಸ್ಸಿಂದ ಬರೋದು ಅಂತ ತೋರಿಸಿದ್ರು, ಮನುಷ್ಯರಿಗೆ ನರೂಲಿ ತರೋ ಎಚ್‌ಪಿವಿ ವೈರಸ್ಸಿಗೆ ಇದು ದಾಯಾದಿ, ಆದ್ರೆ ನಮಗೆ ಅಂಟಲ್ಲ. ವ್ಯೋಮಿಂಗ್ ಕಡೆ ಗೋಡೆಗೆ ಹಾಕ್ತಾರಲ್ಲ, ಜಿಂಕೆ ಕೊಂಬಿನ ಮೊಲ, ಜ್ಯಾಕಲೋಪ್, ಆ ಕಥೆ ಹುಟ್ಟೋಕೆ ಇಂಥ ಮೊಲಗಳೇ ಕಾರಣ ಇರಬಹುದು ಅಂತಾರೆ. ಕಾಲು, ಪಾದದ ಮೇಲೆ ಮೆತ್ತಗೆ ಚಪ್ಪಟೆ ಗಡ್ಡೆ ಇದ್ರೆ ಅದು ಫೈಬ್ರೋಮಾ, ಸೊಳ್ಳೆ ಹರಡೋ ಇನ್ನೊಂದು ವೈರಸ್, ಅದೂ ನಮಗೆ ಬರಲ್ಲ. ಎರಡೂ ಚರ್ಮದ ಜೊತೆಗೇ ಸುಲಿದು ಹೋಗುತ್ತೆ. ತಿನ್ನೋದು ಬಿಡೋದು ನಿಮ್ಮ ಮನಸ್ಸು, ನಾನಾದ್ರೆ ಕೊಂಬಿನ ಮೊಲ ತಿಂದಿಲ್ಲ, ನಮ್ಮನೆಯವಳಿಗೆ ಫೋಟೋ ತೋರಿಸಿದ್ದಕ್ಕೇ ಆ ವಾರ ಅಡುಗೆಮನೆಗೆ ಸೇರಿಸಲಿಲ್ಲ.

ಹೆಜ್ಜೆ 6: ಸುಲಿಯೋದು

ಮೊಲದ ಚರ್ಮ ಒದ್ದೆ ಪೇಪರ್ ಇದ್ದ ಹಂಗೆ, ಬೆನ್ನ ಮಧ್ಯ ಚಿವುಟಿ ಒಂದು ಸಣ್ಣ ಗೀರು ಹಾಕಿ ಎರಡು ಕೈಯಿಂದ ಎರಡು ಕಡೆಗೆ ಎಳೆದ್ರೆ ಸ್ವೆಟರ್ ಬಿಚ್ಚಿದ ಹಂಗೆ ಬರುತ್ತೆ. ಬಯಲಲ್ಲಿ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಜೋರು ಪೈಪ್ ನೀರು ಹೊಡೀಬೇಡಿ, ಹನಿ ಸಿಡಿದು ಕಣ್ಣಿಗೆ ಬಿದ್ರೆ ಅಲ್ಲಿಂದಲೂ ರೋಗ ಒಳಗೆ ಹೋಗುತ್ತೆ, ಗಾಗಲ್ಸ್ ಹೇಳಿದ್ದು ಅದಕ್ಕೆ. ಕೆಲಸದ ಮಧ್ಯೆ ಮೂಗು ಕೆರೆಯೋದು, ಬೆವರು ಒರೆಸೋದು, ಎಲೆ ಅಡಿಕೆ, ಸಿಗರೇಟು, ಫೋನು ಎಲ್ಲ ಬಂದ್.

ಸುಲಿದ ಮೇಲೆ ಚರ್ಮ ಮತ್ತೆ ಮಾಂಸದ ನಡುವೆ ನೋಡಿ. ನೀರು ತುಂಬಿದ ಮೆತ್ತನೆ ಗುಳ್ಳೆ, ನಿಂಬೆಹಣ್ಣಿನಷ್ಟಾದ್ರೂ ಇರಬಹುದು, ಬೆಳಕಿಗೆ ಹಿಡಿದ್ರೆ ಒಳಗೆ ಗೊಂಚಲು ಗೊಂಚಲು ಬಿಳಿ ಕಾಳು ಕಂಡ್ರೆ ಅದು ನಾಯಿ, ನರಿಗಳ ಒಂದು ಲಾಡಿಹುಳದ ಮರಿಕೋಶ. ಒಂದೊಂದು ಕಾಳೂ ಒಂದೊಂದು ಹುಳದ ತಲೆ. ಒಡೆಯದ ಹಂಗೆ ಸುತ್ತಲಿನ ಮಾಂಸದ ಜೊತೆ ಕತ್ತರಿಸಿ ತೆಗೀರಿ. ಚೆನ್ನಾಗಿ ಬೇಯಿಸಿದ ಮಾಂಸದಿಂದ ನಮಗೆ ಬರಲ್ಲ. ಈ ಗುಳ್ಳೆ ನಾಯಿ ಬಾಯಿಗೆ ಸಿಕ್ರೆ ಮಾತ್ರ ಅದರ ಕರುಳಲ್ಲಿ ಹುಳ ಬೆಳೆದು, ನಾಯಿ ಹೇಲಲ್ಲಿ ಮೊಟ್ಟೆ ಬಂದು, ಅಪರೂಪಕ್ಕೆ ಮಕ್ಕಳ ಹೊಟ್ಟೆಗೆ ಹೋದ್ರೆ ಅದು ದೊಡ್ಡ ತೊಂದರೆ.

ಚರ್ಮದ ಕೆಳಗೆ ಕೀವುಗಡ್ಡೆ ಒಂದೇ ಇದ್ದು ಉಳಿದ ಮೈ ಚೆನ್ನಾಗಿದ್ರೆ ಕಚ್ಚಾಟದ ಗಾಯ ಇರಬಹುದು. ಎರಡು ಮೂರು ಕಡೆ ಇದ್ರೆ, ಕಂಕುಳು ತೊಡೆಸಂದಿಯಲ್ಲಿ ಗ್ರಂಥಿ ಊದಿದ್ರೆ ಪೂರ್ತಿ ಎಸೀರಿ.

ಹೆಜ್ಜೆ 7: ಲಿವರ್, ಸ್ಪ್ಲೀನ್

ಇಲ್ಲಿ ಗಡಿಬಿಡಿ ಬೇಡ, ಒಂದು ಮೊಲಕ್ಕೆ ಎರಡು ನಿಮಿಷ ಕೊಡಿ. ಪಕ್ಕೆಲುಬಿನ ಕೆಳಗಿಂದ ತೆಳ್ಳಗೆ ಹೊಟ್ಟೆ ಪರದೆ ಸೀಳಿ, ಕರುಳು ಈಚೆ ಎಳೆಯೋ ಮುಂಚೆ ಮೊದಲು ಲಿವರ್ ನೋಡಿ.

ಒಳ್ಳೆ ಲಿವರ್ ಹೆಂಗಿರುತ್ತೆ ಅಂತ ಮಟನ್ ಅಂಗಡಿಗೆ ಹೋಗೋರಿಗೆ ಹೇಳೋದು ಬೇಡ. ಕಡು ಕೆಂಪು ಕಂದು, ನುಣ್ಣಗೆ, ಹೊಳಪು, ಅಂಚು ತೆಳ್ಳಗೆ ಚೂಪು. ಸ್ಪ್ಲೀನ್ ಅಂದ್ರೆ ಗುಲ್ಮ, ಹೊಟ್ಟೆಚೀಲದ ಪಕ್ಕ ಅಂಟಿಕೊಂಡು ಸಣ್ಣ ಒಣಮೆಣಸಿನಕಾಯಿ ಹಂಗೆ ತೆಳ್ಳಗೆ ಉದ್ದಕ್ಕಿರುತ್ತೆ, ಮೊದಲ ಸಲ ಹುಡುಕೋದೇ ಕಷ್ಟ. ಹುಡುಕೋ ಮುಂಚೆಯೇ ಕಣ್ಣಿಗೆ ರಾಚಿದ್ರೆ, ದಪ್ಪಗೆ ಊದಿ ಕಪ್ಪು ಕೆಂಪಾಗಿದ್ರೆ ಕೈ ಹಿಂದಕ್ಕೆ ತಗೊಳ್ಳಿ.

ಲಿವರ್ ಮೇಲೆ, ಸ್ಪ್ಲೀನ್ ಮೇಲೆ ಗುಂಡುಸೂಜಿ ತಲೆಗಿಂತ ದೊಡ್ಡದಲ್ಲದ ಬಿಳಿ ಚುಕ್ಕೆಗಳು ತುಂಬಾ ಇದ್ರೆ ಟುಲರೀಮಿಯಾ ಅಂತಲೇ ಅನ್ಕೊಳ್ಳಿ. ಇಲ್ಲಿನೋರು ರ್‍ಯಾಬಿಟ್ ಫೀವರ್ ಅಂತಾರೆ. ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯ ಹೆಸರು ಈ ಬ್ಯಾಕ್ಟೀರಿಯಾಕ್ಕೆ, ಅಲ್ಲಿ ನೆಲದ ಅಳಿಲುಗಳಲ್ಲಿ 1911ರ ಸುಮಾರಿಗೆ ಮೊದಲು ಸಿಕ್ತು. ಚರ್ಮದ ಮೂಲಕನೋ ಉಸಿರಲ್ಲೋ ಹತ್ತರಿಂದ ಐವತ್ತು ಬ್ಯಾಕ್ಟೀರಿಯಾ ಒಳಗೆ ಹೋದ್ರೂ ಸಾಕು ಮನುಷ್ಯ ಮಲಗ್ತಾನೆ. ಗಾಯದ ಮೂಲಕ, ಕಣ್ಣಿನ ಮೂಲಕ, ಉಸಿರಿನ ಮೂಲಕ, ಬೇಯದ ಮಾಂಸದ ಮೂಲಕ, ಉಣ್ಣೆ ಕಚ್ಚಿದ್ರೆ, ಯಾವ ಬಾಗಿಲಾದ್ರೂ ಸರಿ ಅದಕ್ಕೆ. 1939ರಲ್ಲಿ ಅಮೆರಿಕದಲ್ಲಿ ಒಂದೇ ವರ್ಷಕ್ಕೆ 2,291 ಕೇಸ್ ಬಂದಿತ್ತು, ಆಗ ಕಾಡುಮೊಲ ಮಾರ್ಕೆಟ್ಟಲ್ಲಿ ಮಾರ್ತಿದ್ದ ಕಾಲ, ಮಾಂಸ ಕಡಿಯೋರು, ಅಡುಗೆ ಮಾಡೋ ಹೆಂಗಸರು ಎಲ್ಲರಿಗೂ ಬರ್ತಿತ್ತು. ಈಗ ವರ್ಷಕ್ಕೆ ಸುಮಾರು 200, ಅದರಲ್ಲಿ ದೊಡ್ಡ ಪಾಲು ಅರ್ಕಾನ್ಸಾ, ಮಿಸೌರಿ, ಓಕ್ಲಹೋಮಾ, ಕಾನ್ಸಸ್ ಈ ಕಡೆಯದೇ. 2000ದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಹುಲ್ಲು ಕತ್ತರಿಸೋ ಕೆಲಸ ಮಾಡ್ತಿದ್ದೋರಿಗೆ ಇದೇ ರೋಗ ಶ್ವಾಸಕೋಶಕ್ಕೆ ಬಂತು. ಮೊಲ ಮುಟ್ಟೋದೇ ಬೇಡ, ಕಲುಷಿತ ಧೂಳು ಎದ್ರೂ ಸಾಕು.

ಮುಖ್ಯವಾದ ಮಾತು, ಲಿವರ್ ಕ್ಲೀನಾಗಿದೆ ಅಂದ ಮಾತ್ರಕ್ಕೆ ಟುಲರೀಮಿಯಾ ಇಲ್ಲ ಅಂತ ಅಲ್ಲ. ಸೋಂಕು ತಗುಲಿ ಒಂದೆರಡು ದಿನ ಆಗಿರೋ ಮೊಲದಲ್ಲಿ ಚುಕ್ಕೆ ಮೂಡೋಕೆ ಟೈಮೇ ಸಿಕ್ಕಿರಲ್ಲ. ಚುಕ್ಕೆ ಕಂಡ್ರೆ ಎಸೀಬೇಕು, ಕಾಣದೇ ಇದ್ರೂ ಗ್ಲೌಸ್ ತೆಗೀಬಾರದು, ಪೂರ್ತಿ ಬೇಯಿಸಲೇಬೇಕು.

ಚುಕ್ಕೆ ತರ ಕಾಣೋ ಬೇರೆಯವೂ ಇವೆ, ಜನ ಕನ್ಫ್ಯೂಸ್ ಆಗೋದು ಇಲ್ಲೇ. ಲಿವರಲ್ಲಿ ಹಳದಿ ಬಿಳಿ ಗಂಟುಗಳು, ಒಂದು ಇಷ್ಟು ಒಂದು ಅಷ್ಟು, ಪಿತ್ತನಾಳದ ಉದ್ದಕ್ಕೂ ಹಗ್ಗದ ಹಂಗೆ ದಪ್ಪಗಾಗಿದ್ರೆ ಅದು ಕಾಕ್ಸಿಡಿಯಾ, ಮೊಲದ ಪರಾವಲಂಬಿ, ನಮಗೆ ಬರಲ್ಲ. ಸೀಕಮ್ ಅನ್ನೋ ದೊಡ್ಡ ಕುರುಡುಕರುಳಿನ ಗೋಡೆಯಲ್ಲಿ, ಸ್ಪ್ಲೀನಲ್ಲಿ, ಲಿವರಲ್ಲಿ ಮೊಸರು ಹಿಂಡಿ ಗಟ್ಟಿ ಮಾಡಿದ ಹಂಗೆ ಗಂಟು ಇದ್ರೆ ಯೆರ್ಸಿನಿಯಾ ಸ್ಯೂಡೋಟ್ಯೂಬರ್‌ಕ್ಯುಲೋಸಿಸ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಇದು ಮನುಷ್ಯರಿಗೂ ಬರುತ್ತೆ. ಪುಸ್ತಕದಲ್ಲಿ ಇವು ಮೂರೂ ಬೇರೆ ಬೇರೆ, ಸಂಜೆ ಆರು ಗಂಟೆಗೆ ಟಾರ್ಚ್ ಬೆಳಕಲ್ಲಿ ಮೂರೂ ಒಂದೇ. ಲಿವರಲ್ಲಿ ಬಿಳಿ ಹಳದಿ ಚುಕ್ಕೆ ಗಂಟು ಏನೇ ಇರಲಿ ನಾನು ಪೂರ್ತಿ ಮೊಲ ಎಸೀತೀನಿ, ಒಂದು ಒಂದೂವರೆ ಕೇಜಿ ಪ್ರಾಣಿಗೋಸ್ಕರ ಲ್ಯಾಬ್ ಟೆಸ್ಟ್ ಆಟ ಬೇಡ.

ಎಸೀಬೇಡಿ ಅಂತ ನಾನು ಹೇಳೋದು ಸಬ್ಬಕ್ಕಿಗೆ. ಹೊಟ್ಟೆಯೊಳಗೆ, ಕರುಳಿನ ಪರದೆ ಮೇಲೆ, ಲಿವರ್ ಹೊರಗೆ, ಬಾಲದ ಬುಡದ ಹತ್ರ ಬಟಾಣಿ ಗಾತ್ರದ ತಿಳಿ ನೀರಿನ ಗುಳ್ಳೆಗಳು, ಒಳಗೆ ಒಂದೊಂದು ಬಿಳಿ ಚುಕ್ಕೆ. ಪಾಯಸದಲ್ಲಿ ಬೆಂದ ದೊಡ್ಡ ಸಬ್ಬಕ್ಕಿ ನೆನಪಿಸ್ಕೊಳ್ಳಿ, ಅದೇ, ಒಬ್ಬ ಫ್ರೆಂಡಿಗೆ ಹಿಂಗೆ ವಿವರಿಸಿ ಅವನ ಪಾಯಸ ಕೆಡಿಸಿದ ಪಾಪ ನನ್ನ ಮೇಲಿದೆ. ಇದೂ ನಾಯಿಯ ಲಾಡಿಹುಳದ್ದೇ, ಟೀನಿಯಾ ಪಿಸಿಫಾರ್ಮಿಸ್. ನಾಯಿ, ಕಯೋಟಿ (ತೋಳದ ಜಾತಿಯ ಪ್ರಾಣಿ) ಹುಲ್ಲಲ್ಲಿ ಹೇತಿದ್ದನ್ನ ಮೊಲ ಮೇಯುತ್ತೆ, ಮರಿಹುಳ ಕರುಳು ತೂರಿ ಲಿವರ್ ದಾಟಿ ಹೊಟ್ಟೆಗೆ ಬರುತ್ತೆ. ದಾಟಿದ ದಾರಿ ಲಿವರ್ ಮೇಲೆ ಬಿಳಿ ವಕ್ರ ಗೆರೆಯಾಗಿ ಉಳಿದಿರುತ್ತೆ, ಗೆರೆಗೂ ಚುಕ್ಕೆಗೂ ಇರೋ ವ್ಯತ್ಯಾಸ ಚೆನ್ನಾಗಿ ನೋಡ್ಕೊಳ್ಳಿ. ಮನುಷ್ಯರಿಗೆ ಬರಲ್ಲ, ಕರುಳಿನ ಜೊತೆ ಗುಳ್ಳೆನೂ ಹೋಗುತ್ತೆ, ಲಿವರ್ ಬಿಟ್ಟು ಮಾಂಸ ತಿನ್ನಬಹುದು. ಹೊಟ್ಟೆಚೀಲ, ಕರುಳೊಳಗೆ ದಾರದಂಥ ಹುಳ ಕಂಡ್ರೂ ಹಂಗೆ, ಕರುಳು ನಾವು ತಿನ್ನಲ್ಲ ತಾನೆ.

ಉಳಿದಿದ್ದು ಬೇಗ ನೋಡಿ ಮುಗಿಸಿ: ಶ್ವಾಸಕೋಶ ತಿಳಿ ಗುಲಾಬಿ, ಸ್ಪಂಜಿನ ಹಂಗೆ ಇರಬೇಕು. ಹೊಟ್ಟೆಯಲ್ಲಿ ಕೆಟ್ಟ ವಾಸನೆಯ ನೀರು ನಿಂತಿರಬಾರದು. ಮಾಂಸ ಅಂಟಂಟಾಗಿ ಹಸಿರು ತಿರುಗಿದ್ರೆ ರೋಗನೋ ಹಳಸಿದ್ದೋ ಅನ್ನೋ ಚರ್ಚೆನೇ ಬೇಡ.

ಹೆಜ್ಜೆ 8: ಎಸೆಯೋದಕ್ಕೂ ಒಂದು ಕ್ರಮ ಇದೆ

ಅನುಮಾನದ ಮೊಲ, ಕರುಳು, ಚರ್ಮ, ಬಳಸಿದ ಗ್ಲೌಸ್ ಎಲ್ಲ ಎರಡು ಕವರಲ್ಲಿ ಕಟ್ಟಿ ಕಸಕ್ಕೆ, ಅಥವಾ ನಾಯಿ ನರಿ ಕೆದರದಷ್ಟು ಆಳಕ್ಕೆ ಹೂಳಿ. ಬೇಲಿ ಪಕ್ಕ ಎಸೆದು ಹೋಗೋರನ್ನ ನೋಡಿದೀನಿ, ನಾಯಿಗೆ ಹಸಿ ಲಿವರ್ ಹಾಕಿ ಬೆನ್ನು ತಟ್ಟೋರನ್ನೂ. ನಾಯಿ ಮೊಲ ಹಿಡಿದಿದ್ದಕ್ಕೆ ಇನಾಮು ಕೊಡ್ಬೇಕಾದ್ರೆ ಬಿಸ್ಕತ್ತು ಕೊಡಿ ಸ್ವಾಮಿ.

ಚಾಕು, ಕತ್ತರಿ, ಹಲಗೆ ಮೊದಲು ಸೋಪಿನ ನೀರಲ್ಲಿ ತೊಳೆದು ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಹಾಕಿ ಹತ್ತು ನಿಮಿಷ ನೆನೆಸಿ. ಒಂದು ಮೊಲದಿಂದ ಇನ್ನೊಂದಕ್ಕೆ ಹೋಗುವಾಗ ಗ್ಲೌಸ್ ಬದಲಾಯಿಸಿ, ಚಾಕು ಒರೆಸಿ, ಇಲ್ಲಾಂದ್ರೆ ಒಂದರ ರೋಗ ಆರಕ್ಕೂ. ಮನೆಗೆ ಬಂದ ಮೇಲೆ ಬಟ್ಟೆ ಬಿಸಿ ಡ್ರೈಯರಿಗೆ ಹಾಕಿ, ಸ್ನಾನ ಮಾಡಿ, ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಸುತ್ತ ಉಣ್ಣೆ ಹುಡುಕಿ.

ಹೆಜ್ಜೆ 9: ಅಡುಗೆಮನೆ

ಉಪ್ಪು ಅರಿಶಿನ ಹಾಕಿ ತೊಳೆದ್ರೆ ಹೋಗಲ್ವಾ ಅಂತ ನಮ್ಮಮ್ಮ ಫೋನಲ್ಲಿ ಕೇಳಿದ್ರು. ಹೋಗಲ್ಲ ಅಮ್ಮ. ಉಪ್ಪುನೀರಲ್ಲಿ ನೆನೆಸಿದ್ರೆ ರಕ್ತ, ಕಾಡುವಾಸನೆ ಹೋಗುತ್ತೆ, ಬ್ಯಾಕ್ಟೀರಿಯಾ ಸಾಯಲ್ಲ. ಫ್ರೀಜರಲ್ಲಿಟ್ರೂ ಟುಲರೀಮಿಯಾ ಸಾಯಲ್ಲ, ಹೆಪ್ಪುಗಟ್ಟಿದ ಮೊಲದ ಮಾಂಸದಲ್ಲಿ ಮೂರು ವರ್ಷ ಆದ್ಮೇಲೂ ಬದುಕಿದ್ದ ದಾಖಲೆ ಇದೆ. ಹಾಗಾಗಿ ಫ್ರೀಜರಿಂದ ತೆಗೆದ ಮಾಂಸ ಹೆಚ್ಚುವಾಗಲೂ ಗ್ಲೌಸ್, ಇದನ್ನ ಬೇಟೆಗೆ ಹೋಗೋರು ಮಾಡ್ತಾರೆ, ಮನೇಲಿ ಅಡುಗೆ ಮಾಡೋರಿಗೆ ಹೇಳೋಕೆ ಮರೀತಾರೆ.

ಸಾಯಿಸೋದು ಬಿಸಿ ಒಂದೇ. ಮೂಳೆ ಪಕ್ಕದ ದಪ್ಪ ಮಾಂಸದೊಳಗೆ 74 ಡಿಗ್ರಿ ಸೆಲ್ಸಿಯಸ್, ಅಂದ್ರೆ 165 ಫ್ಯಾರನ್‌ಹೀಟ್ ಮುಟ್ಟಬೇಕು. ಟಾಕ್ಸೋಪ್ಲಾಸ್ಮಾ ಅನ್ನೋದೊಂದು ಕಣ್ಣಿಗೆ ಕಾಣದ ಪರಾವಲಂಬಿ ಮಾಂಸದಲ್ಲಿರಬಹುದು, ಬಸುರಿ ಹೆಂಗಸರಿಗೆ ಅದು ಅಪಾಯ, ಅದಕ್ಕೂ ಇದೇ ಮದ್ದು. ಇದರಲ್ಲಿ ನಾವು ಅದೃಷ್ಟವಂತರು, ನಮ್ಮ ಅಡುಗೆಯಲ್ಲಿ ಅರೆಬೆಂದ ಮಾಂಸದ ಮಾತೇ ಇಲ್ಲ. ಕೆಂಪು ಮೆಣಸು, ಧನಿಯಾ, ತೆಂಗಿನಕಾಯಿ ರುಬ್ಬಿ ಹಾಕಿ ಕುಕ್ಕರಲ್ಲಿ ಐದಾರು ವಿಷಲ್ ಕೂಗಿಸಿದ್ರೆ ಥರ್ಮಾಮೀಟರ್ ಕೂಡ ಬೇಡ. ಕಾಡುಮೊಲದಲ್ಲಿ ಕೊಬ್ಬೇ ಇಲ್ಲ, ಹಂಗೇ ಹುರಿದ್ರೆ ರಬ್ಬರ್, ಸಾರೇ ಸರಿ. ಬೆಂಕಿ ಮೇಲೆ ಸುಟ್ಟು ಒಳಗೆ ಕೆಂಪಗಿದ್ದಂಗೆ ತಿನ್ನೋದು, ಹೊಗೆಗೆ ಕಟ್ಟಿ ಒಣಗಿಸೋದು, ಹಸಿ ಮಸಾಲೆ ಹಾಕಿದ್ದನ್ನ ಉಪ್ಪು ನೋಡೋಕೆ ನಾಲಿಗೆಗೆ ಇಟ್ಕೊಳ್ಳೋದು, ಇವು ಮೂರೂ ಮೊಲದ ಜೊತೆ ಬೇಡ. ಸಿಂಕಲ್ಲಿ ನಲ್ಲಿ ಜೋರಾಗಿ ಬಿಟ್ಟು ತೊಳೆಯೋದೂ ಬೇಡ, ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ ಇದ್ರೆ ಹನಿ ಅದರ ಮೇಲೂ ಬೀಳುತ್ತೆ.

ಹೆಜ್ಜೆ 10: ಎರಡು ವಾರ ಕ್ಯಾಲೆಂಡರ್ ನೋಡಿ

ಟುಲರೀಮಿಯಾ ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ಕಾಣಿಸ್ಕೊಳ್ಳುತ್ತೆ, ಒಂದೇ ದಿನಕ್ಕೂ ಬರಬಹುದು, ಹದಿನಾಲ್ಕು ದಿನಕ್ಕೂ. ತಟ್ಟನೆ ಜ್ವರ, ನಡುಕ, ತಲೆನೋವು. ಗಾಯ ಆದ ಬೆರಳಲ್ಲಿ ಮೊದಲು ಸಣ್ಣ ಗುಳ್ಳೆ, ಆಮೇಲೆ ಮಧ್ಯ ಹಳ್ಳ ಬಿದ್ದ ಹುಣ್ಣು, ಅದೇ ಕೈಯ ಕಂಕುಳಲ್ಲಿ ನೋಯೋ ಗಡ್ಡೆ. ಕಣ್ಣಿಗೆ ಸಿಡಿದಿದ್ರೆ ಒಂದೇ ಕಣ್ಣು ಕೆಂಪಾಗಿ ಕಿವಿ ಮುಂದೆ ಗ್ರಂಥಿ ಊದುತ್ತೆ. ಆ ಡಿಸೆಂಬರಲ್ಲಿ ಗ್ಲೌಸ್ ಹಾಕಿದ್ರೂ ನಾನು ದಿನಾ ರಾತ್ರಿ ಬೆರಳು ಬೆರಳೇ ನೋಡ್ಕೊಂಡು ಕೂತಿದ್ದೆ, ಏನೂ ಬರಲಿಲ್ಲ.

ಮನೇಲಿ ಉಳಿದ ಅಮಾಕ್ಸಿಸಿಲಿನ್ ನುಂಗಿ ನೋಡೋಣ ಅನ್ನೋ ನಮ್ಮ ಅಭ್ಯಾಸ ಇದೆಯಲ್ಲ, ಇಲ್ಲಿ ಅದು ಕೆಲಸ ಮಾಡಲ್ಲ, ಪೆನಿಸಿಲಿನ್ ಜಾತಿಯ ಔಷಧಿಗೆಲ್ಲ ಈ ಬ್ಯಾಕ್ಟೀರಿಯಾ ಬಗ್ಗಲ್ಲ. ಇದಕ್ಕೆ ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಇಂಥವು, ಯಾವುದು ಎಷ್ಟು ದಿನ ಅಂತ ಡಾಕ್ಟರೇ ಹೇಳ್ಬೇಕು. ಬೇಗ ಹೋದ್ರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತೆ. ಆದ್ರೆ ಸಾಫ್ಟ್‌ವೇರ್ ಇಂಜಿನಿಯರ್ ಜ್ವರ ಅಂತ ಬಂದ್ರೆ ಇಲ್ಲಿನ ಡಾಕ್ಟರಿಗೆ ಮೊಲ ನೆನಪಿಗೆ ಬರಲ್ಲ, ಫ್ಲೂ ಅಂತ ಕಳಿಸ್ತಾರೆ, ಹಾಗಾಗಿ ಕುರ್ಚಿಯಲ್ಲಿ ಕೂತ ಕೂಡ್ಲೇ ನಿಮ್ಮ ಮೊದಲ ಮಾತೇ ಇಂಥ ದಿನ ಕಾಡುಮೊಲ ಕೊಯ್ದಿದ್ದೆ ಅನ್ನೋದಾಗಿರಲಿ. ಅದು ನಿಮಗೋಸ್ಕರ ಮಾತ್ರ ಅಲ್ಲ, ನಿಮ್ಮ ರಕ್ತವನ್ನ ಲ್ಯಾಬಲ್ಲಿ ಕಲ್ಚರ್‌ಗೆ (ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ) ಇಡೋ ಟೆಕ್ನಿಷಿಯನ್‌ಗೂ ಈ ರೋಗ ಆ ತಟ್ಟೆಯಿಂದ ಉಸಿರಲ್ಲಿ ಹೋಗುತ್ತೆ, ಡಾಕ್ಟರ್ ಚೀಟಿಯಲ್ಲಿ ಒಂದು ಸಾಲು ಬರೆದು ಕಳಿಸಿದ್ರೆ ಅವರು ಅದಕ್ಕೆ ತಕ್ಕ ಸುರಕ್ಷತಾ ಕ್ಯಾಬಿನೆಟ್ ಒಳಗೆ ತೆರೀತಾರೆ.